ಮನಶ್ಶಾಸ್ತ್ರಜ್ಞರು ಯಾರ ಕಡೆಯವರು?

2024ರ ಆಗಸ್ಟ್ 5, ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯ. ಲಕ್ಷ್ಯ ಸೇನ್ ಮೊದಲ ಗೇಮ್ 21-13ರಲ್ಲಿ ಗೆದ್ದು, ಮುಂದಿನ ಎರಡನ್ನೂ ಮಲೇಷ್ಯಾದ ಲೀ ಝೀ ಜಿಯಾ ಎದುರು ಸೋತರು. ಹಿಂದಿನ ದಿನದ ಸೆಮಿಫೈನಲ್‌ನಲ್ಲೂ ಇದೇ ಕತೆ. ವಿಕ್ಟರ್ ಆಕ್ಸೆಲ್ಸೆನ್ ವಿರುದ್ಧ ಮೊದಲ ಗೇಮ್‌ನಲ್ಲಿ 20-17, ಎರಡನೇ ಗೇಮ್‌ನಲ್ಲಿ 7-0 ಮುಂದಿದ್ದವರು ಎರಡನ್ನೂ ಕಳೆದುಕೊಂಡಿದ್ದರು.

ಲಕ್ಷ್ಯ ಬೆಳೆದದ್ದು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ. ಸೋಲಿನ ಬೆನ್ನಲ್ಲೇ ಪಡುಕೋಣೆಯವರು ಮಾಧ್ಯಮದ ಮುಂದೆ ಎರಡು ವಿಷಯ ಹೇಳಿದರು. ಒಂದು, ಸೌಲಭ್ಯ ಸಿಕ್ಕಿದೆ, ಇನ್ನು ಆಟಗಾರರೂ ಹೊಣೆ ಹೊರಬೇಕು. ಇನ್ನೊಂದು, ನಮ್ಮಲ್ಲಿ ಮನಸ್ಸಿನ ತರಬೇತಿಗೆ ಸಾಕಷ್ಟು ಗಮನ ಕೊಟ್ಟಿಲ್ಲ. ಮೊದಲನೆಯದು ಟ್ರೆಂಡ್ ಆಯ್ತು. ಗೆದ್ದಾಗ ಎಲ್ಲರೂ ಪಾಲಿಗೆ ಬರ್ತಾರೆ, ಸೋತಾಗ ಆಟಗಾರನೊಬ್ಬನದ್ದೇ ತಪ್ಪಾ ಅಂತ ಕೊಡಗಿನ ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿಯೇ ತಿರುಗಿ ಕೇಳಿದರು. ಎರಡನೆಯದು ಯಾರಿಗೂ ಬೇಕಾಗಲಿಲ್ಲ.

ನನಗೆ ಬೇಕಾಗಿರೋದು ಆ ಎರಡನೆಯದೇ. ಆದರೆ ಅದರಲ್ಲೂ ಒಂದು ತೊಡಕಿದೆ. 'ಮನಸ್ಸಿನ ತರಬೇತಿ' ಅಂದ್ರೆ ಪದಕಕ್ಕಾಗಿ ಮನಸ್ಸನ್ನು ಗಟ್ಟಿ ಮಾಡೋದು. ಮಾನಸಿಕ ಆರೋಗ್ಯ ಅಂದ್ರೆ ಪದಕ ಬರಲಿ ಬಿಡಲಿ, ಆ ಮನುಷ್ಯ ಚೆನ್ನಾಗಿರೋದು. ಎರಡೂ ಒಂದೇ ಅಂತ ನಮ್ಮ ಕ್ರೀಡಾ ಆಡಳಿತ ನಂಬಿದ ಹಾಗಿದೆ.

ಟೋಕಿಯೋದಲ್ಲಿ ಸಿಮೋನ್ ಬೈಲ್ಸ್‌ಗೆ ಆದದ್ದು ನೆನಪಿಸಿಕೊಳ್ಳಿ. ವಾಲ್ಟ್‌ನಲ್ಲಿ ಎರಡೂವರೆ ಸುತ್ತು ತಿರುಗಬೇಕಿದ್ದವರು ಒಂದೂವರೆಗೇ ಕೆಳಗಿಳಿದರು. ಗಾಳಿಯಲ್ಲಿದ್ದಾಗ ತನ್ನ ದೇಹ ಎಲ್ಲಿದೆ ಅನ್ನೋದೇ ಮೆದುಳಿಗೆ ಗೊತ್ತಾಗದ ಸ್ಥಿತಿ ಅದು. ಮುಂದುವರಿದಿದ್ದರೆ ಕತ್ತು ಮುರಿಯುವ ಅಪಾಯವಿತ್ತು. ಅವರು ತಂಡದ ಫೈನಲ್‌ನಿಂದ ಹಿಂದೆ ಸರಿದರು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ 3 ಚಿನ್ನ, 1 ಬೆಳ್ಳಿ ಗೆದ್ದರು.

ಅದೇ ಟೋಕಿಯೋದಿಂದ ಸೋತು ಬಂದ ವಿನೇಶ್ ಫೋಗಟ್‌ಗೆ ಸಿಕ್ಕಿದ್ದು ಅಶಿಸ್ತಿನ ಹೆಸರಲ್ಲಿ ಕುಸ್ತಿ ಫೆಡರೇಶನ್‌ನ ಅಮಾನತು. ಆಗ ಬರೆದ ಲೇಖನವೊಂದರಲ್ಲಿ ಅವರು ತಮ್ಮ ಖಿನ್ನತೆಯ ಬಗ್ಗೆ ಹೇಳಿಕೊಂಡಿದ್ದರು. ಬೈಲ್ಸ್‌ನ ಹೊಗಳುವ ನಾವು, ಭಾರತದಲ್ಲಿ ಯಾರಾದರೂ 'ನಾನು ಸಿದ್ಧಳಿಲ್ಲ' ಅಂದರೆ ಸಹಿಸ್ತೀವಾ ಅನ್ನೋದು ಅವರ ಪ್ರಶ್ನೆಯಾಗಿತ್ತು.

ಪ್ಯಾರಿಸ್‌ನಲ್ಲಿ 100 ಗ್ರಾಂ ತೂಕ ಹೆಚ್ಚಾಗಿ ಫೈನಲ್ ತಪ್ಪಿದಾಗ ಅದಕ್ಕೆ ಉತ್ತರ ಸಿಕ್ಕಿತು. ಮರುದಿನವೇ ವಿನೇಶ್ ನಿವೃತ್ತಿ ಘೋಷಿಸಿದರು. ತೂಕದ ಹೊಣೆ ಕುಸ್ತಿಪಟು ಮತ್ತು ಕೋಚ್‌ಗೆ ಸೇರಿದ್ದು, ವೈದ್ಯಕೀಯ ತಂಡದ್ದಲ್ಲ ಅಂತ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಹೇಳಿಕೆ ಕೊಟ್ಟರು. ತಾಂತ್ರಿಕವಾಗಿ ಸರಿ ಇರಬಹುದು. ಆದರೆ ಅದೇ ವಾರ ಹೇಳಲೇಬೇಕಿತ್ತಾ? ಅದಕ್ಕೂ ಮುಂಚೆ, ಆಸ್ಪತ್ರೆ ಹಾಸಿಗೆಯಲ್ಲಿದ್ದ ವಿನೇಶ್ ಪಕ್ಕದಲ್ಲಿ ಉಷಾ ಇರುವ ಫೋಟೊ ದೇಶವೆಲ್ಲ ಸುತ್ತಿತ್ತು. ತನಗೆ ಹೇಳದೆಯೇ ಅದನ್ನು ತೆಗೆದರು ಅಂತ ವಿನೇಶ್ ನಂತರ ಆರೋಪಿಸಿದರು. ಅಷ್ಟೊತ್ತಿಗೆ ಅವರು ಕಾಂಗ್ರೆಸ್ ಸೇರಿದ್ದರು ನಿಜ. ಅದನ್ನು ಬದಿಗಿಟ್ಟು ನೋಡಿದರೂ, ರೋಗಿಯ ಹಾಸಿಗೆ ಪಕ್ಕ ಕ್ಯಾಮೆರಾ ಬಂದದ್ದು ಹೇಗೆ?

ಸಂಖ್ಯೆಗಳನ್ನೂ ನೋಡೋಣ (ಇಂಜಿನಿಯರಿಂಗ್ ಓದಿದ ಚಟ, ಬಿಡಿ). ಪ್ಯಾರಿಸ್‌ಗೆ ಹೋದ ಭಾರತೀಯ ಕ್ರೀಡಾಪಟುಗಳು 117, ಸಹಾಯಕ ಸಿಬ್ಬಂದಿ 140. ಆದರೆ ಕ್ರೀಡಾ ಗ್ರಾಮದೊಳಗೆ ಉಳಿಯಲು ಅವಕಾಶ ಇದ್ದದ್ದು 67 ಸಿಬ್ಬಂದಿಗೆ, ಅದರಲ್ಲಿ ವೈದ್ಯಕೀಯ ತಂಡದವರು 5. ಅಂದರೆ ಒಳಗಿನ ಪ್ರತಿ ಹಾಸಿಗೆಗೂ ಪೈಪೋಟಿ. ಮನಶ್ಶಾಸ್ತ್ರಜ್ಞರಿಗೆ ಒಂದು ಹಾಸಿಗೆ ಕೊಡಬೇಕಾದರೆ ಬೇರೆ ಯಾರದೋ ಹೆಸರು ಬಿಡಬೇಕು. ಆ ಹೆಸರು ಅಧಿಕಾರಿಯದ್ದಾಗಿದ್ದರೆ ಬಿಡುವವರು ಯಾರು?

ಹಾಸಿಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆ ಮನಶ್ಶಾಸ್ತ್ರಜ್ಞರಿಗೆ ಸಂಬಳ ಕೊಡುವುದು ಫೆಡರೇಶನ್, ತಂಡಕ್ಕೆ ಆಯ್ಕೆ ಮಾಡುವುದೂ ಅದೇ ಫೆಡರೇಶನ್. ರಾತ್ರಿ ಹನ್ನೊಂದಕ್ಕೆ 'ನಂಗೆ ಆಗ್ತಿಲ್ಲ' ಅಂತ ಹೇಳಿಕೊಂಡದ್ದು ಬೆಳಗ್ಗೆ ಕೋಚ್ ಕಿವಿಗೆ ಬೀಳಲ್ಲ ಅಂತ ಆ ಹುಡುಗಿ ಹೇಗೆ ನಂಬಬೇಕು? ಆ ತಂಡದ ಅತಿ ಕಿರಿಯ ಸದಸ್ಯೆ, ಬೆಂಗಳೂರಿನ ಈಜುಗಾರ್ತಿಗೆ ಆಗ 14 ವರ್ಷ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಪ್ಯಾರಿಸ್‌ನಲ್ಲಿ 70ಕ್ಕೂ ಹೆಚ್ಚು ಭಾಷೆಗಳ, 24 ಗಂಟೆಯ ಗೋಪ್ಯ ಸಹಾಯವಾಣಿ ಇಟ್ಟಿತ್ತು. ಅದರ ಬೆಲೆ ಇರೋದು ಭಾಷೆಗಳ ಎಣಿಕೆಯಲ್ಲಲ್ಲ, ಆ ಕಡೆ ಫೋನ್ ಎತ್ತುವವರಿಗೂ ನಮ್ಮ ಆಯ್ಕೆ ಸಮಿತಿಗೂ ಸಂಬಂಧ ಇಲ್ಲ ಅನ್ನೋದರಲ್ಲಿ.

ಗೆದ್ದವರಿಗೂ ಇದು ಬೇಕು. 2008ರಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, ಗೆದ್ದ ಮೇಲೆಯೇ ತಾವು ಖಿನ್ನತೆಗೆ ಜಾರಿದ್ದು ಅಂತ ಹಲವು ಸಲ ಹೇಳಿದ್ದಾರೆ. ಪದಕ ಬಂದ ದಿನ ಫೈಲ್ ಮುಚ್ಚುವ ವ್ಯವಸ್ಥೆಗೆ ಇದು ಕಾಣಲ್ಲ.

2036ರ ಒಲಿಂಪಿಕ್ಸ್ ನಮಗೇ ಬೇಕು ಅಂತ ಕೇಳ್ತಿರುವ ದೇಶ ನಮ್ಮದು. ಕ್ರೀಡಾಂಗಣಗಳ ನಕ್ಷೆ ಬರುವ ಮೊದಲು ಮೂರು ಸಾಲಿನ ನಿಯಮ ಬರಲಿ: ಮನಶ್ಶಾಸ್ತ್ರಜ್ಞರು ಫೆಡರೇಶನ್‌ಗೆ ವರದಿ ಮಾಡುವಂತಿಲ್ಲ. ಆರೋಗ್ಯದ ಕಾರಣಕ್ಕೆ ಹಿಂದೆ ಸರಿದವರ ಟಾಪ್ಸ್ ನೆರವು ನಿಲ್ಲಿಸುವಂತಿಲ್ಲ. ಕೂಟ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಈ ನೆರವು ಮುಂದುವರಿಯಬೇಕು. ಇದಕ್ಕೆ ಸ್ಟೇಡಿಯಂ ಕಟ್ಟುವಷ್ಟು ದುಡ್ಡೇನೂ ಬೇಕಿಲ್ಲ.