ಹೌದೆನ್ನುವ ವಿನಯ, ಅಲ್ಲವೆನ್ನುವ ಭಕ್ತಿ



ನುಡಿ ಹೇಗಿರಬೇಕೆಂಬುದನ್ನು ಕುರಿತು ಬಸವಣ್ಣನವರು ಹೇಳಿದ ವಚನವನ್ನು ಅರಿಯದವರು ಕನ್ನಡ ನಾಡಿನಲ್ಲಿ ವಿರಳ. ಶಾಲೆಯ ಗೋಡೆಗಳ ಮೇಲೆ, ಮಠಗಳ ಮಹಾದ್ವಾರಗಳಲ್ಲಿ, ಸಭೆ ಸಮಾರಂಭಗಳ ಆಮಂತ್ರಣ ಪತ್ರಿಕೆಗಳಲ್ಲಿ ಅದು ಕಾಣಸಿಗುತ್ತದೆ. ಮುತ್ತು, ಮಾಣಿಕ್ಯ, ಸ್ಫಟಿಕಗಳ ಉಪಮೆಗಳು ಮನಸ್ಸನ್ನು ಸೆಳೆಯುವುದರಿಂದಲೋ ಏನೋ, ಆ ವಚನವನ್ನು ನಾವು ಬಹುಮಟ್ಟಿಗೆ ಸವಿನುಡಿಯ ಉಪದೇಶವೆಂದೇ ಅರ್ಥೈಸುತ್ತಾ ಬಂದಿದ್ದೇವೆ. ಆದರೆ ವಚನವು ಉಪಮೆಗಳಲ್ಲಿಯೇ ನಿಲ್ಲುವುದಿಲ್ಲ. ಆಡಿದ ಮಾತನ್ನು ಕೇಳಿ ಲಿಂಗವು ಒಪ್ಪಬೇಕೆಂದು ಅದು ಬಯಸುತ್ತದೆ. ಕೊನೆಗೆ, ನುಡಿಗೆ ತಕ್ಕ ನಡೆಯಿಲ್ಲದವನಿಗೆ ದೇವನ ಒಲುಮೆ ದೊರೆಯದೆಂದು ಎಚ್ಚರಿಸುತ್ತದೆ. ಹೀಗೆ ಬಸವಣ್ಣನವರು ಮಾತಿಗೆ ಮೂರು ಪರೀಕ್ಷೆಗಳನ್ನು ಒಡ್ಡಿದ್ದಾರೆ: ಮಾತು ಪಾರದರ್ಶಕವಾಗಿರಬೇಕು, ಕೇಳಿದವರು ಅದನ್ನು ಅರಿತು ಒಪ್ಪಬೇಕು, ನಡೆಯು ಅದರೊಳಗೆ ಅಡಗಿರಬೇಕು.

ಈ ಮೂರರಲ್ಲಿ ಒಂದು ತಪ್ಪಿದರೂ ಏನು ಅನಾಹುತವಾಗಬಲ್ಲದೆಂಬುದನ್ನು ನಮ್ಮ ಮನೆಗಳಲ್ಲಿ ಕಾಣುವುದು ಕಷ್ಟ. ಅಲ್ಲಿ ತಪ್ಪು ಮಾತಿನ ಫಲ ನಿಧಾನವಾಗಿ ಬರುತ್ತದೆ, ಅನೇಕ ವೇಳೆ ಗೊತ್ತಾಗದೆಯೇ ಕಳೆದುಹೋಗುತ್ತದೆ. ಆದರೆ ಕೆಲವೇ ಕ್ಷಣಗಳಲ್ಲಿ ಮಾತಿನ ಬೆಲೆ ಇತ್ಯರ್ಥವಾಗುವ ಒಂದು ಕಾಯಕವಿದೆ. ಅದು ವಿಮಾನ ನಡೆಸುವ ಪೈಲಟ್ ಮತ್ತು ನೆಲದ ಮೇಲೆ ಕುಳಿತು ಅವನಿಗೆ ದಾರಿ ತೋರುವ ವಾಯು ಸಂಚಾರ ನಿಯಂತ್ರಕನ ಕಾಯಕ.

ಇವರಿಬ್ಬರೂ ಪರಸ್ಪರರ ಮುಖ ಕಂಡವರಲ್ಲ. ಇಬ್ಬರನ್ನೂ ಬೆಸೆದಿರುವುದು ರೇಡಿಯೊದಲ್ಲಿ ಹರಿಯುವ ಮಾತೊಂದೇ. ಆದ್ದರಿಂದ ಅವರ ಲೋಕದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಇಂತಿಷ್ಟು ಎತ್ತರಕ್ಕೆ ಇಳಿಯಿರಿ ಎಂದು ನಿಯಂತ್ರಕ ಹೇಳಿದರೆ, ಪೈಲಟ್ ಆ ಅಂಕಿಯನ್ನೂ ತನ್ನ ವಿಮಾನದ ಸಂಕೇತವನ್ನೂ ಬಾಯಿಬಿಟ್ಟು ಮರಳಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಎಂದು ಹೆಸರು. ಮರಳಿ ಬಂದ ಮಾತನ್ನು ನಿಯಂತ್ರಕ ಕಿವಿಗೊಟ್ಟು ಕೇಳಬೇಕು. ತಪ್ಪಿದ್ದರೆ ಕೂಡಲೇ ತಿದ್ದಬೇಕು. ಹೇಳಿದವನ ಕರ್ತವ್ಯ ಹೇಳಿದ ಮಾತ್ರಕ್ಕೆ ಮುಗಿಯುವುದಿಲ್ಲ, ಕೇಳಿದವನ ಕರ್ತವ್ಯ ಕೇಳಿದ ಮಾತ್ರಕ್ಕೆ ಮುಗಿಯುವುದಿಲ್ಲ. ಮಾತಿಗೆ ಕೇಳುವವರ ಒಪ್ಪಿಗೆ ಬೇಕೆಂಬ ಬಸವಣ್ಣನವರ ಎರಡನೆಯ ಪರೀಕ್ಷೆ ಲೌಕಿಕದಲ್ಲಿ ಇಷ್ಟು ಅಚ್ಚುಕಟ್ಟಾಗಿ ಬಳಕೆಯಲ್ಲಿರುವುದು ಬೇರೆಡೆ ಅಪರೂಪವೆಂದೇ ಹೇಳಬೇಕು.

ಇಷ್ಟಾಗಿಯೂ ಅನಾಹುತಗಳು ನಡೆದಿವೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ನಡೆದ ದುರಂತವನ್ನು ಹಿರಿಯ ಓದುಗರು ಮರೆತಿರಲಾರರು. ದೆಹಲಿಯಿಂದ ಹೊರಟ ಸೌದಿ ವಿಮಾನ 14,000 ಅಡಿಗೆ ಏರುತ್ತಿತ್ತು. ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲಬೇಕೆಂಬ ಸೂಚನೆಯಿತ್ತು. ಆ ಎತ್ತರವನ್ನು ತಲುಪಿದ್ದೇವೆಂದು ಕಜಕ್ ವಿಮಾನದಿಂದ ವರದಿಯೂ ಬಂದಿತು. ಆದರೆ ವಿಮಾನವು ಅದಕ್ಕಿಂತ ಕೆಳಗಿದ್ದು ಇನ್ನೂ ಇಳಿಯುತ್ತಲೇ ಇತ್ತು. ಅಂದು ದೆಹಲಿಯ ನಿಯಂತ್ರಕನ ಮುಂದಿದ್ದ ರಾಡಾರ್ ವಿಮಾನಗಳ ಎತ್ತರವನ್ನು ತೋರಿಸುವಂಥದ್ದಾಗಿರಲಿಲ್ಲ. ಎತ್ತರದ ಮಟ್ಟಿಗೆ ಪೈಲಟ್‌ಗಳ ನುಡಿಯೇ ಅವನ ಕಣ್ಣು. ಆ ನುಡಿಯೊಂದು, ನಡೆಯೊಂದು ಆದಾಗ 349 ಜೀವಗಳು ಬೂದಿಯಾದವು. ಸೂಚಿಸಿದ ಎತ್ತರದಲ್ಲಿ ನಿಲ್ಲದೆ ಕೆಳಗಿಳಿದುದೇ ಕಾರಣವೆಂದು ನ್ಯಾಯಮೂರ್ತಿ ಲಾಹೋಟಿ ಆಯೋಗವು ನಿರ್ಣಯಿಸಿತು. ತದನಂತರ ಎದುರಾಗುವ ವಿಮಾನವನ್ನು ಕುರಿತು ತಾನಾಗಿಯೇ ಎಚ್ಚರಿಸುವ ಯಂತ್ರವನ್ನು ನಮ್ಮ ದೇಶದಲ್ಲಿ ಕಡ್ಡಾಯಗೊಳಿಸಲಾಯಿತು. ಯಂತ್ರ ಬಂದುದು ಒಳ್ಳೆಯದೇ. ಆದರೆ ಮನುಷ್ಯರ ನಡುವಿನ ಮಾತು ಸೋತೆಡೆಯಲ್ಲಿ ಅದು ಬಂದಿತೆಂಬುದನ್ನು ಮರೆಯಬಾರದು.

ಇದಕ್ಕೂ ಘೋರವಾದುದು 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದಲ್ಲಿ ನಡೆಯಿತು. ದಟ್ಟ ಮಂಜು ಕವಿದಿದ್ದ ಒಂದೇ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳಿದ್ದವು. ಒಂದು ಡಚ್ಚರ ಕೆ.ಎಲ್.ಎಂ., ಇನ್ನೊಂದು ಅಮೆರಿಕದ ಪ್ಯಾನ್ ಅಮ್. ಡಚ್ ವಿಮಾನದ ಕ್ಯಾಪ್ಟನ್ ಸಾಮಾನ್ಯನಲ್ಲ. ತನ್ನ ಸಂಸ್ಥೆಯ ಪೈಲಟ್‌ಗಳಿಗೆ ತರಬೇತಿ ನೀಡುತ್ತಿದ್ದ ಹಿರಿಯ. ಹೊರಡುವ ಆತುರದಲ್ಲಿ ಅವನು ಎಂಜಿನ್‌ಗಳ ವೇಗ ಹೆಚ್ಚಿಸತೊಡಗಿದಾಗ, ಇನ್ನೂ ಅನುಮತಿ ದೊರೆತಿಲ್ಲವೆಂದು ಸಹ ಪೈಲಟ್ ತಡೆದನು. ಆಮೇಲೆ ಗೋಪುರದಿಂದ ಬಂದುದು ಮೇಲೇರಿದ ನಂತರ ಹಿಡಿಯಬೇಕಾದ ಹಾದಿಯ ಸೂಚನೆಯೇ ಹೊರತು ಹಾರುವ ಅನುಮತಿಯಲ್ಲ. ಅದನ್ನು ಮರಳಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ವಿಮಾನವನ್ನು ಮತ್ತೆ ಓಡಿಸತೊಡಗಿದನು. ಒಮ್ಮೆ ತಡೆದಿದ್ದ ಸಹ ಪೈಲಟ್ ಎರಡನೆಯ ಸಲ ತಡೆಯಲಿಲ್ಲ. ಹಾರಲು ಸಿದ್ಧವಾಗಿ ನಿಂತಿದ್ದೇವೆಂದೂ, ಹಾರುತ್ತಿದ್ದೇವೆಂದೂ ಎರಡು ಬಗೆಯಲ್ಲಿ ಅರ್ಥವಾಗುವ ಮಾತೊಂದು ಅವನ ಬಾಯಿಂದ ಬಂದಿತು. ನಿಯಂತ್ರಕನು ಮೊದಲು ಬರಿಯ ಓಕೆ ಎಂದನು, ಅನಂತರ ಕಾಯುವಂತೆ ಹೇಳಿದನು. ಅದೇ ಕ್ಷಣದಲ್ಲಿ ತಾವಿನ್ನೂ ರನ್‌ವೇಯಲ್ಲೇ ಇದ್ದೇವೆಂದು ಪ್ಯಾನ್ ಅಮ್‌ನವರು ಕೂಗಿ ಹೇಳಿದರು. ಒಂದೇ ತರಂಗದಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಿದ್ದರಿಂದ ಎರಡೂ ಮಾತುಗಳು ಕರ್ಕಶ ಸದ್ದಿನಲ್ಲಿ ಮುಳುಗಿದವು. ಆ ವಿಮಾನ ಇನ್ನೂ ಸರಿದಿಲ್ಲವೇ ಎಂದು ಹಿಂದೆ ಕುಳಿತಿದ್ದ ಎಂಜಿನಿಯರ್ ಸಂಶಯಪಟ್ಟು ಕೇಳಿದನು. ಸರಿದಿದೆಯೆಂದು ಕ್ಯಾಪ್ಟನ್ ಖಂಡಿತವಾಗಿ ಹೇಳಿದ ಮೇಲೆ ಅವನೂ ಮೌನಿಯಾದನು. ಕೆಲವು ಕ್ಷಣಗಳಲ್ಲಿ 583 ಜನ ಮಡಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಪ್ರಶ್ನೆ ಸರಿಯಾಗಿತ್ತು. ಅದು ಸಕಾಲದಲ್ಲಿ ಹುಟ್ಟಿಯೂ ಇತ್ತು. ಹಿರಿಯನ ಒಂದು ಹೌದಿನ ಮುಂದೆ ಅದು ತಲೆ ತಗ್ಗಿಸಿತು. ಈ ದುರಂತದ ಬಳಿಕ, ಹಾರಾಟವನ್ನು ಸೂಚಿಸುವ ಟೇಕಾಫ್ ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ಹಿಂತೆಗೆಯುವಾಗ ಮಾತ್ರ ಬಳಸಬೇಕೆಂಬ ಶಿಸ್ತು ಜಗತ್ತಿನಾದ್ಯಂತ ರೂಢಿಗೆ ಬಂದಿತು. ಕಿರಿಯರು ಪ್ರಶ್ನಿಸುವುದನ್ನೂ, ಹಿರಿಯರು ಕೇಳಿಸಿಕೊಳ್ಳುವುದನ್ನೂ ಪೈಲಟ್‌ಗಳಿಗೆ ತರಬೇತಿಯಾಗಿಯೇ ಕಲಿಸುವ ಪದ್ಧತಿ 1980ರ ದಶಕದಲ್ಲಿ ಬೆಳೆಯಿತು.

ದೂರದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮದೇ ನಾಡಿನ ಮಂಗಳೂರಿನಲ್ಲಿ 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ಅಸುನೀಗಿದರು, 8 ಜನ ಬದುಕುಳಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿಯನ್ನು ಓದಿದರೆ ಮನಸ್ಸು ಭಾರವಾಗುತ್ತದೆ. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವ ನಿಗದಿತ ಹಾದಿಯನ್ನು ಹಿಡಿದಿದ್ದೀರಾ ಎಂದು ಗೋಪುರದವರು ವಿಚಾರಿಸಿದಾಗ, ಹೌದೆಂದು ಉತ್ತರಿಸುವಂತೆ ಕ್ಯಾಪ್ಟನ್ ಸಹ ಪೈಲಟ್‌ನನ್ನು ಒತ್ತಾಯಿಸಿದನು. ಗೋಪುರಕ್ಕೆ ಹೌದೆಂಬ ಉತ್ತರ ಹೋಯಿತು, ಇಳಿಯಲು ಅನುಮತಿ ಬಂದಿತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದನು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಕೇಳಲಿಲ್ಲ.

ಮಡಿದವರನ್ನು ದೂಷಿಸುವುದು ಈ ಬರಹದ ಉದ್ದೇಶವಲ್ಲ. ಹಾರಾಟದ ವೇಳೆ ಬಹಳ ಹೊತ್ತು ನಿದ್ರಿಸಿ ಎದ್ದ ಕ್ಯಾಪ್ಟನ್‌ನ ಮಂಪರು ವಿವೇಚನೆಗೆ ಅಡ್ಡಬಂದಿರಬಹುದೆಂದು ವರದಿಯೇ ಹೇಳುತ್ತದೆ. ನಾವು ಚಿಂತಿಸಬೇಕಾದುದು ಆ ಒಂದು ಹೌದನ್ನು ಕುರಿತು. ಗೋಪುರದಲ್ಲಿದ್ದವರು ಅದನ್ನು ಸತ್ಯವೆಂದು ನಂಬಿದರು. ಹಿರಿಯನ ಇಚ್ಛೆಗೆ ಮಣಿದು ಕಿರಿಯನು ಆಡಿದ ಹೌದು, ಆಡಿದವನನ್ನೂ ಆಡಿಸಿದವನನ್ನೂ ನಂಬಿ ಕುಳಿತವರನ್ನೂ ಕಾಪಾಡಲಿಲ್ಲ.

ಇಂತಹ ಹೌದನ್ನು ನಮ್ಮ ಸಮಾಜ ವಿನಯವೆಂದು ಕರೆಯುತ್ತದೆ, ಭಕ್ತಿಯೆಂದೂ ಕರೆಯುವುದುಂಟು. ಶರಣರು ಹಾಗೆ ಕರೆಯಲಿಲ್ಲ. ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ನೆನೆಯೋಣ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಕೂಡಲೇ ಗುರುತಿಸಿದರು. ಇದು ಅಗತ್ಯವಲ್ಲ, ಆಸೆಯೆಂದು ನೇರವಾಗಿ ಹೇಳಿ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದರು. ಸುತ್ತಿ ಬಳಸಿ ಮಾತನಾಡಲಿಲ್ಲ, ಪತಿಯ ಮನಸ್ಸು ನೊಂದೀತೆಂದು ನುಂಗಿಕೊಳ್ಳಲಿಲ್ಲ. ಮಾರಯ್ಯನವರೂ ಮುನಿಯಲಿಲ್ಲ. ಇದೇ ಲಕ್ಕಮ್ಮನವರು ತಮ್ಮ ವಚನಗಳ ಅಂಕಿತದಲ್ಲಿ ಪತಿಯ ಹೆಸರನ್ನು ಸೇರಿಸಿಕೊಂಡವರು ಎಂಬುದು ಮನನೀಯ. ಗೌರವ ಮತ್ತು ತಿದ್ದುವಿಕೆ ಒಂದೇ ಹೃದಯದಲ್ಲಿ ನೆಲೆಸಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಶೂನ್ಯಸಂಪಾದನೆಯನ್ನು ತೆರೆದು ನೋಡಿದರೂ ಕಾಣುವುದು ಪ್ರಶ್ನೆ, ಪ್ರತಿಪ್ರಶ್ನೆಗಳೇ. ಅನುಭವ ಮಂಟಪವು ತಲೆದೂಗುವವರ ಕೂಟವಾಗಿರಲಿಲ್ಲ.

ಆದರೆ ಸತ್ಯ ನುಡಿಯಿರಿ ಎಂದು ಕಿರಿಯರಿಗೆ ಉಪದೇಶಿಸಿದರೆ ಸಾಲದು. ನುಡಿದವರು ಉಳಿಯುವಂತಹ ವ್ಯವಸ್ಥೆಯೂ ಬೇಕು. ಈ ವಿಷಯದಲ್ಲಿ ವೈಮಾನಿಕ ಲೋಕದಿಂದ ನಾವು ಕಲಿಯಬೇಕಾದ ಪಾಠವೊಂದಿದೆ. 1974ರ ಡಿಸೆಂಬರ್ 1ರಂದು ಅಮೆರಿಕದ ವರ್ಜೀನಿಯಾದಲ್ಲಿ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 92 ಜನ ಸತ್ತರು. ವಿಮಾನ ನಿಲ್ದಾಣವನ್ನು ಸಮೀಪಿಸಲು ನಿಯಂತ್ರಕ ಕೊಟ್ಟ ಅನುಮತಿಯನ್ನು, ಕೆಳಗಿಳಿಯಲು ಅಡ್ಡಿಯಿಲ್ಲವೆಂಬ ಅರ್ಥದಲ್ಲಿ ಪೈಲಟ್‌ಗಳು ಗ್ರಹಿಸಿದ್ದರು. ಬೆಟ್ಟದಿಂದ ದೂರವಿರುವ ಹೊಣೆ ಪೈಲಟ್‌ಗಳದೆಂದು ನಿಯಂತ್ರಕ ಭಾವಿಸಿದ್ದನು. ದುಃಖದ ಸಂಗತಿಯೆಂದರೆ, ಆರು ವಾರಗಳ ಹಿಂದೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಇದೇ ತಪ್ಪು ತಿಳಿವಳಿಕೆಯಿಂದ ಅದೇ ಬೆಟ್ಟದ ಬಳಿ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು. ಎಚ್ಚರಿಕೆಯ ಮಾತು ಇತರರ ಕಿವಿಯನ್ನು ಮುಟ್ಟಿರಲಿಲ್ಲ.

ಈ ಅರಿವಿನಿಂದ 1976ರಲ್ಲಿ ಅಲ್ಲಿ ಒಂದು ಹೊಸ ಏರ್ಪಾಡು ಜಾರಿಗೆ ಬಂದಿತು. ಪೈಲಟ್‌ಗಳು, ನಿಯಂತ್ರಕರು ತಮ್ಮ ತಪ್ಪನ್ನು ತಾವೇ ಬರೆದು ತಿಳಿಸಬಹುದು. ಬರೆದವರ ಹೆಸರನ್ನು ಅಳಿಸಿ, ತಪ್ಪಿನ ಪಾಠವನ್ನು ಮಾತ್ರ ಎಲ್ಲರಿಗೂ ಹಂಚಲಾಗುತ್ತದೆ. ಈ ಪತ್ರಗಳನ್ನು ಸ್ವೀಕರಿಸುವುದು ದಂಡಿಸುವ ಅಧಿಕಾರವುಳ್ಳ ಇಲಾಖೆಯಲ್ಲ, ಆ ಅಧಿಕಾರವಿಲ್ಲದ ನಾಸಾ ಸಂಸ್ಥೆ. ಅರಿಯದೆ ಆದ ತಪ್ಪನ್ನು ಹತ್ತು ದಿನಗಳೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡನೆಯಿಂದ ವಿನಾಯಿತಿಯುಂಟು. ಬೇಕೆಂದೇ ಮಾಡಿದ ತಪ್ಪಿಗೆ, ಅಪರಾಧ ಕೃತ್ಯಕ್ಕೆ ಆ ರಕ್ಷಣೆಯಿಲ್ಲ. ತಪ್ಪಿತಸ್ಥರನ್ನು ಹೀಗೆ ಬಿಟ್ಟರೆ ಶಿಸ್ತು ಉಳಿಯುವುದೇ ಎಂದು ಕೆಲವರು ಕೇಳಬಹುದು. ಅಂಜಿಕೆಯಿಂದ ಮುಚ್ಚಿಟ್ಟ ತಪ್ಪು ಇನ್ನೊಬ್ಬರ ಕೈಯಲ್ಲಿ ಮರುಕಳಿಸುತ್ತದೆ, ಹೇಳಿಕೊಂಡ ತಪ್ಪು ನೂರು ಜನರಿಗೆ ಗುರುವಾಗುತ್ತದೆ ಎಂಬುದೇ ಅದಕ್ಕೆ ಉತ್ತರ. ಬಸವಣ್ಣನವರು ತಮ್ಮ ವಚನಗಳಲ್ಲಿ ತಮ್ಮ ಕುಂದುಗಳನ್ನು ಎಷ್ಟು ನಿಸ್ಸಂಕೋಚವಾಗಿ ತೆರೆದಿಟ್ಟಿದ್ದಾರೆಂಬುದನ್ನು ಬಲ್ಲ ನಮಗೆ ಇದು ಅಪರಿಚಿತ ಧರ್ಮವಲ್ಲ.

ಇನ್ನು ನಮ್ಮ ಮನೆ ಮಠಗಳ ಕಡೆಗೆ ನೋಡೋಣ. ಹಿರಿಯರು ಏನೇ ಹೇಳಿದರೂ "ಆಗಲಿ ಬುದ್ಧಿ" ಎಂದು ಕೈಮುಗಿಯುವುದು ನಮ್ಮ ರೂಢಿ. ಮಂಜಿನಲ್ಲಿ ನಿಯಂತ್ರಕನು ಅಂದ ಬರಿಯ ಓಕೆಯಂತೆ ಇದೂ ಅಪಾಯಕಾರಿಯಾದ ಮಾತೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಕೇಳಿದವರಿಗೆ ಅರ್ಥವಾಯಿತೇ, ಒಪ್ಪಿಗೆಯಾಯಿತೇ, ಸಂಶಯವೇನಾದರೂ ಉಳಿಯಿತೇ ಎಂಬ ಯಾವುದೂ ಅದರಿಂದ ತಿಳಿಯುವುದಿಲ್ಲ. ಕಾರ್ಯಭಾರವನ್ನು ವಹಿಸಿದ ಮೇಲೆ, ಏನು ಕೇಳಿಸಿಕೊಂಡಿರಿ ಹೇಳಿ ನೋಡೋಣ ಎಂದು ವಿಚಾರಿಸುವುದು ಅಪನಂಬಿಕೆಯಲ್ಲ. ದಾಸೋಹದ ಲೆಕ್ಕ ಬರೆಯುವವರು ಅಂಕಿ ತಾಳೆಯಾಗುತ್ತಿಲ್ಲವೆಂದು ಹೇಳಿದರೆ ಅದು ಗುರುದ್ರೋಹವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಸಾದ ನಿಲಯದಲ್ಲಿರುವ ಮಗುವಿಗೆ ತನ್ನ ಸಂಕಟವನ್ನು ಹೇಳಿಕೊಳ್ಳಲು ಒಂದು ಕಿವಿ ಬೇಕು. ಯಾರ ಮೇಲೆ ದೂರೋ ಅವರ ಅಧೀನದಲ್ಲಿ ಆ ಕಿವಿ ಇರಬಾರದು. ಪೀಠ ಎಷ್ಟು ಎತ್ತರವಾಗಿರುವುದೋ ಅಷ್ಟು ದೂರದವರೆಗೆ ಕಿವಿ ಬಾಗಬೇಕು. ಕೇಳಿಸಿಕೊಳ್ಳುವ ಹೊಣೆ ಮೇಲೆ ಕುಳಿತವರದೇ ಮೊದಲು, ಹೇಳುವ ಹೊಣೆ ಕೆಳಗೆ ನಿಂತವರದು ಅನಂತರ.

ಮಂಗಳೂರಿನ ಆ ಬೆಳಗ್ಗೆ ಅಲ್ಲವೆಂಬ ಮಾತು ಮೂರು ಸಲ ಹುಟ್ಟಿತು, ಕೇಳುವವರಿಲ್ಲದೆ ಸತ್ತಿತು. ನಮ್ಮ ನಡುವೆ ಅಂತಹ ಮಾತು ಹುಟ್ಟಿದಾಗ ಮೊದಲ ಸಲವೇ ಅದನ್ನು ಕೇಳಿಸಿಕೊಳ್ಳುವ ಅರಿವು ಹಿರಿಯರಿಗೆ ದೊರೆಯಲಿ. ಮಾರಯ್ಯನವರು ಅಕ್ಕಿಯ ಗಂಟನ್ನು ಹೊತ್ತು ಮರಳಿದರಲ್ಲಾ, ಆ ಮರಳುವಿಕೆಯಲ್ಲಿ ಅವರ ಹಿರಿಮೆಗೆ ಯಾವ ಕುಂದೂ ಬರಲಿಲ್ಲ.