ಗಣಕಕ್ಕೆ ಕುಂಕುಮವಷ್ಟೇ ಸಾಕೇ?

ಮಹಾನವಮಿಯ ದಿನ ನಮ್ಮ ಮೈಸೂರಿನಲ್ಲಿ ಯಂತ್ರಗಳಿಗೆ ಒದಗುವ ಭಾಗ್ಯ ದೊಡ್ಡದು. ಅರಮನೆಯಲ್ಲಿ ಆಯುಧಪೂಜೆ ನಡೆಯುತ್ತಿರುವಾಗ ಬೀದಿಯಲ್ಲಿ ಆಟೋರಿಕ್ಷಾಕ್ಕೆ ಬಾಳೆಕಂದು, ಬಸ್ಸಿಗೆ ಚೆಂಡುಹೂವಿನ ಹಾರ. ಈ ಸಾಲಿಗೆ ಈಗ ಗಣಕಯಂತ್ರವೂ ಸೇರಿದೆ. ಕಚೇರಿ, ಕಾಲೇಜುಗಳಲ್ಲಿ ಅದಕ್ಕೂ ಗಂಧ, ಕುಂಕುಮ, ಮಂಗಳಾರತಿ. ಇದನ್ನು ಹಾಸ್ಯಮಾಡುವುದು ನನ್ನ ಉದ್ದೇಶವಲ್ಲ. ಆದರೆ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಆಟೋ ಓಡಿಸುವವನು ಪೂಜೆಗೆ ಮೊದಲು ತನ್ನ ಗಾಡಿಯನ್ನು ತೊಳೆಯುತ್ತಾನೆ. ಬಡಗಿ ತನ್ನ ಉಳಿಯನ್ನು ಮಸೆದಿಡುತ್ತಾನೆ. ಗಣಕಕ್ಕೆ ಮಾತ್ರ ಹೊರಗೆ ಕುಂಕುಮ. ಒಳಗಿನ ಧೂಳು ಒಳಗೇ!

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ಧೂಳಿನ ಗೊಡವೆಯೇಕೆ ಎಂದು ಕೆಲವು ಗೆಳೆಯರು ಕೇಳಬಹುದು. ಯಂತ್ರದ ಒಳಭಾಗ ವಿಜ್ಞಾನದವರ ಸ್ವತ್ತು, ನಮ್ಮದು ಕೇವಲ ಬೆರಳಚ್ಚಿನ ಹಕ್ಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪು ಭಾವನೆಯೆಂದೇ ನನ್ನ ಅಭಿಪ್ರಾಯ. ವಿದ್ಯಾರ್ಥಿವೇತನದ ಅರ್ಜಿಯಿಂದ ಹಿಡಿದು ಪರೀಕ್ಷೆಯ ಫಲಿತಾಂಶದವರೆಗೆ ನಮ್ಮ ಬಾಳಿನ ಎಷ್ಟೋ ಕೆಲಸಗಳು ಈ ಪೆಟ್ಟಿಗೆಯ ಮೂಲಕವೇ ನಡೆಯುತ್ತಿವೆ. ಕೈಯಲ್ಲಿ ಹಿಡಿದ ಲೇಖನಿಯ ಮೊನೆಯನ್ನು ಒರೆಸಲು ಬಾರದವನನ್ನು ನಾವು ಬರಹಗಾರನೆನ್ನುವೆವೇ?

ಈ ಪೆಟ್ಟಿಗೆಯ ಮಿದುಳೇ ಪ್ರೊಸೆಸರ್. 1971ರಲ್ಲಿ ಇಂಟೆಲ್ ಸಂಸ್ಥೆ ಮಾರುಕಟ್ಟೆಗೆ ತಂದ 4004 ಎಂಬ ಪ್ರೊಸೆಸರಿನಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2300. ಇಂದು ಅಂಗೈಯ ನಡುವೆ ಅಡಗುವ ಒಂದು ಬಿಲ್ಲೆಯಲ್ಲಿ ಅವು ನೂರಾರು ಕೋಟಿ. ಅಷ್ಟೂ ಕೆಲಸಮಾಡುವಾಗ ಹುಟ್ಟುವ ಶಾಖವನ್ನು ಹೊರಗೊಯ್ಯಲು ಅದರ ಮೇಲೆ ಲೋಹದ ಹೀಟ್ ಸಿಂಕ್ ಮತ್ತು ಫ್ಯಾನು. ಪ್ರೊಸೆಸರ್ ಮತ್ತು ಹೀಟ್ ಸಿಂಕಿನ ನಡುವಿನ ಸಂದು ತುಂಬಲು ತೆಳುವಾದ ಥರ್ಮಲ್ ಪೇಸ್ಟ್. ಧೂಳು ಕಟ್ಟಿತೆಂದರೆ ಅಥವಾ ಪೇಸ್ಟ್ ಒಣಗಿತೆಂದರೆ ಶಾಖ ಹೊರಹೋಗದು. ಪ್ರೊಸೆಸರ್ ತನ್ನ ಪ್ರಾಣರಕ್ಷಣೆಗಾಗಿ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಶಾಖ ಮಿತಿಮೀರಿದರೆ ಯಂತ್ರ ನಿಂತೇಹೋಗುತ್ತದೆ. ಆಗ ನಾವು, "ಇದು ಹಳೆಯದಾಯಿತು, ಹೊಸದು ಬೇಕು" ಎನ್ನುತ್ತೇವೆ. ಕೊಂಚ ಧೂಳಿಗಾಗಿ ಸಾರ್ವಜನಿಕರ ಹಣದಿಂದ ಬಂದ ಯಂತ್ರವೊಂದು ಮೂಲೆ ಸೇರುತ್ತದೆ.

ಮೊದಲು ಮಾಡಬೇಕಾದುದು ಧೂಳು ತೆಗೆಯುವ ಕೆಲಸ; ಬಹುಮಟ್ಟಿಗೆ ಅಷ್ಟೇ ಸಾಕು. ಪೇಸ್ಟ್ ಒಣಗಿದ್ದರೆ ಹೀಟ್ ಸಿಂಕನ್ನು ತೆಗೆಯಬೇಕಾದೀತು. ಪ್ರೊಸೆಸರನ್ನೇ ಎತ್ತಬೇಕಾದುದು ಅದನ್ನೋ ಮದರ್‌ಬೋರ್ಡನ್ನೋ ಬದಲಾಯಿಸುವಾಗ ಮಾತ್ರ. ಕಾರಣವಿಲ್ಲದೆ ಅದನ್ನು ಮುಟ್ಟದಿರುವುದೇ ಜಾಣತನ. ಇಂದಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಂತೂ ಅದನ್ನು ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ಅಲ್ಲಿ ತೆಗೆಯುವ ಮಾತೇ ಇಲ್ಲ.

ತೆಗೆಯಲೇಬೇಕಾದಾಗ ಬೇಕಾದುದು ಬಲವಲ್ಲ, ತಾಳ್ಮೆ. ಮೊದಲು ಕೆಲವು ನಿಮಿಷ ಯಂತ್ರವನ್ನು ನಡೆಸಿದರೆ ಪೇಸ್ಟ್ ಬೆಚ್ಚಗಾಗಿ ಮೆದುವಾಗುತ್ತದೆ. ಆಮೇಲೆ ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಒಳಗುಳಿದ ವಿದ್ಯುತ್ತು ಇಳಿಯುವಂತೆ ಆನ್ ಮಾಡುವ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿಯಬೇಕು. ಮುಚ್ಚಳ ತೆರೆದೊಡನೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು. ಇದು ಬರಿಯ ಶಾಸ್ತ್ರವಲ್ಲ. ನಮ್ಮ ಮೈಯಲ್ಲಿ ಸೇರುವ ಸ್ಥಾಯೀ ವಿದ್ಯುತ್ತು ಸುಮಾರು 3000 ವೋಲ್ಟಿಗಿಂತ ಕಡಿಮೆಯಿದ್ದರೆ ಬೆರಳಿಗೆ ತಿಳಿಯುವುದೇ ಇಲ್ಲ. ಆದರೆ ಅದಕ್ಕಿಂತ ಎಷ್ಟೋ ಕಡಿಮೆಯ ಕಿಡಿಯಿಂದಲೂ ಈ ಸೂಕ್ಷ್ಮ ಬಿಲ್ಲೆ ಕೆಡಬಹುದು. ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಂದು ಸಿಗುತ್ತದೆ. ಅದರ ತಂತಿಯನ್ನು ಪೆಟ್ಟಿಗೆಯ ಲೋಹಕ್ಕೆ ಸಿಕ್ಕಿಸಿದರೆ ಇನ್ನೂ ಲೇಸು. 1912ರಲ್ಲಿಯೇ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ಕಂಡ ಊರು ನಮ್ಮದು. ಆದರೂ ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್ ಉಟ್ಟು ಈ ಕೆಲಸಕ್ಕೆ ಕೂರಬಾರದು. ಹತ್ತಿಯ ಬಟ್ಟೆಯೇ ಸರಿ. ಶಿವರಾತ್ರಿಯ ಸುಮಾರಿನ ಒಣಹವೆಯಲ್ಲಿ ಎಚ್ಚರ ಇನ್ನಷ್ಟು ಬೇಕು.

ಮುಂದೆ ಫ್ಯಾನಿನ ತಂತಿಯನ್ನು ಬಿಡಿಸಿ, ಹೀಟ್ ಸಿಂಕಿನ ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಅದನ್ನು ಒಮ್ಮೆಲೇ ಮೇಲಕ್ಕೆ ಕೀಳದೆ, ಅತ್ತಿತ್ತ ಮೆಲ್ಲನೆ ತಿರುಗಿಸಿ ಪೇಸ್ಟಿನ ಹಿಡಿತ ಬಿಟ್ಟ ಮೇಲೆ ಎತ್ತಬೇಕು. ಎ.ಎಂ.ಡಿ. ಸಂಸ್ಥೆಯ 2016ರ ಎ.ಎಂ.4 ಮಾದರಿಯಲ್ಲಿ ಪ್ರೊಸೆಸರಿನ ಅಡಿಯಲ್ಲಿ 1331 ಸೂಜಿಗಳಿವೆ. ಅವಸರದಿಂದ ಎಳೆದರೆ ಹೀಟ್ ಸಿಂಕಿಗೆ ಅಂಟಿಕೊಂಡು ಪ್ರೊಸೆಸರೂ ಕಿತ್ತುಬಂದು ಸೂಜಿಗಳು ಬಾಗುವ ಭಯವುಂಟು. ಇಂಟೆಲ್‌ನ ಮಾದರಿಗಳಲ್ಲಿ ಸಾಕೆಟ್ಟಿನಲ್ಲಿಯೇ ಕೂದಲಿನಂತಹ ಸಾವಿರಕ್ಕೂ ಹೆಚ್ಚು ಸೂಜಿಗಳಿರುತ್ತವೆ. ಅಲ್ಲಿಗೆ ಬೆರಳು ತಗಲಲೇಬಾರದು. ಸಾಕೆಟ್ಟಿನ ಪಕ್ಕದ ಸನ್ನೆಯನ್ನು ಕೊಂಚ ಒತ್ತಿ, ಪಕ್ಕಕ್ಕೆ ಸರಿಸಿ, ಮೇಲೆತ್ತಿ, ಬಿಲ್ಲೆಯನ್ನು ಎರಡು ಅಂಚುಗಳಲ್ಲಿ ಮಾತ್ರ ಹಿಡಿದು ನೇರವಾಗಿ ಎತ್ತಬೇಕು. ಅಡಿಯ ಹೊಂಬಣ್ಣದ ಭಾಗವನ್ನು ಮುಟ್ಟಬಾರದು. ಸಾಮಾನ್ಯ ಪ್ಲಾಸ್ಟಿಕ್ ಚೀಲದಲ್ಲಿಡದೆ, ಸ್ಥಾಯೀ ವಿದ್ಯುತ್ತನ್ನು ತಡೆಯುವ ಚೀಲದಲ್ಲಿಡಬೇಕು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಾಕಿದರೆ ಸಾಕು. ಮರಳಿ ಕೂರಿಸುವಾಗ ಬಿಲ್ಲೆಯ ಮೂಲೆಯ ತ್ರಿಕೋನ ಸಾಕೆಟ್ಟಿನ ಗುರುತಿಗೆ ಎದುರಾಗಿರಬೇಕು. ಅದು ತನ್ನ ಭಾರದಿಂದಲೇ ಕೂರಬೇಕು. ಒತ್ತಬೇಕೆನಿಸಿತೆಂದರೆ ಏನೋ ತಪ್ಪಾಗಿದೆಯೆಂದೇ ಅರ್ಥ.

ಇಷ್ಟರಲ್ಲಿ ಬಿ.ಎ. ವಿದ್ಯಾರ್ಥಿಗೆ ಅರ್ಥವಾಗದುದು ಏನಿದೆ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಏಳನೆಯ ತರಗತಿಗೆ ಓದು ನಿಲ್ಲಿಸಿದ ನಮ್ಮ ತಾಯಿ ತಮ್ಮ ಹೊಲಿಗೆ ಯಂತ್ರವನ್ನು ತಾವೇ ಬಿಚ್ಚಿ, ನೂಲಿನ ಕಸ ತೆಗೆದು, ಎಣ್ಣೆ ಬಿಟ್ಟು ಜೋಡಿಸುತ್ತಾರೆ. ಅನ್ನ ಕೊಡುವ ಯಂತ್ರಕ್ಕೆ ಹೆದರಿ ಅವರು ದೂರ ನಿಂತವರಲ್ಲ. ಪದವಿ ಪಡೆಯಲಿರುವ ನಾವು ಒಂದು ತಿರುಪಿಗೆ ಹೆದರಿದರೆ, ವಿದ್ಯೆ ನಮ್ಮ ಕೈಯನ್ನು ಬಲಪಡಿಸಿತೇ, ಕಟ್ಟಿಹಾಕಿತೇ? ಓದು ಬಂದವನು ತಿರುಪುಳಿ ಹಿಡಿಯಬಾರದು, ತಿರುಪುಳಿ ಹಿಡಿದವನಿಗೆ ಓದು ಬೇಡ ಎಂಬ ಭೇದ ನಮ್ಮ ಸಮಾಜದ ಹಳೆಯ ರೋಗ. ಅದನ್ನು ಕಳೆಯಲು ಬಂದ ನಾವೇ ಅದನ್ನು ಅಂಟಿಸಿಕೊಂಡು ಹೋಗಬಾರದು.

"ಹುಡುಗರ ಕೈಗೆ ಕೊಟ್ಟು ಯಂತ್ರ ಕೆಟ್ಟರೆ ಹೊಣೆ ಯಾರು?" ಎಂಬ ಅಧ್ಯಾಪಕರ ಆಕ್ಷೇಪಣೆ ನ್ಯಾಯವಾದುದೇ. ವಾರಂಟಿಯಿರುವ ಯಂತ್ರವನ್ನು ಯಾರೂ ಬಿಚ್ಚಬಾರದು. ಆದರೆ ಈಗಾಗಲೇ ಮೂಲೆ ಸೇರಿದ ಯಂತ್ರದ ಮೇಲೆ ಕೈ ಪಳಗಿಸಿಕೊಂಡರೆ ನಷ್ಟವೇನು? ವಿಶ್ವಸಂಸ್ಥೆಯ ಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ಶೇಕಡ 22.3 ಮಾತ್ರ. ಒಂದು ಯಂತ್ರ ಇನ್ನೆರಡು ವರ್ಷ ಬಾಳಿದರೆ ಆ ಬೆಟ್ಟಕ್ಕೆ ಅಷ್ಟು ಕಲ್ಲು ಕಡಿಮೆ.

ಆದುದರಿಂದ ನನ್ನ ಸಲಹೆ ಇಷ್ಟೇ. ವರ್ಷಕ್ಕೆ ಎರಡು ಶನಿವಾರಗಳನ್ನು ಇದಕ್ಕಾಗಿ ಮೀಸಲಿಡೋಣ. ತಿಳಿದ ಅಧ್ಯಾಪಕರೊಬ್ಬರ ಕಣ್ಣೆದುರಿನಲ್ಲಿ, ಕೆಟ್ಟ ಗಣಕವೊಂದನ್ನು ಮೇಜಿನ ಮೇಲಿಟ್ಟು, ಎಲ್ಲ ವಿಭಾಗಗಳ ವಿದ್ಯಾರ್ಥಿಗಳೂ ಸರದಿಯಂತೆ ಬಿಚ್ಚಿ ಜೋಡಿಸಲಿ. ಕೈ ಪಳಗಿದವರು ಪ್ರಯೋಗಶಾಲೆಯ ಧೂಳು ತೆಗೆಯುವ ಹೊಣೆ ಹೊರಲಿ. ಹೆಣ್ಣುಮಕ್ಕಳನ್ನು ನೋಡುವವರ ಸಾಲಿನಲ್ಲಿ ನಿಲ್ಲಿಸದೆ ಅವರ ಕೈಗೂ ತಿರುಪುಳಿ ಕೊಡಲಿ. ಇದರಿಂದ ನಾವೆಲ್ಲ ಎಂಜಿನಿಯರುಗಳಾಗುವುದಿಲ್ಲ, ನಿಜ. ನಾಳೆ ಹಳ್ಳಿಯ ಶಾಲೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಕೆಲಸಕ್ಕೆ ಸೇರಿದ ದಿನ ಅಲ್ಲಿನ ಗಣಕ ನಿಂತುಹೋದರೆ, ನಗರದಿಂದ ಯಾರೋ ಬರಲೆಂದು ವಾರಗಟ್ಟಲೆ ಬೀಗ ಹಾಕಿ ಕೂರುವ ಪ್ರಮೇಯ ನಮಗೆ ಬಾರದು. ಅಷ್ಟಾದರೂ ನಮ್ಮ ಪದವಿಗೆ ಗೌರವವಲ್ಲವೇ?