ಕೆರೆ ದಂಡಿಗೆ ಟೈಲ್ಸ್, ಕೆರೆಗೆ ನೀರು ಕೊಡೋ ಹೊಲಕ್ಕೆ ಏನು?

ಈ ವಾರ ಜೀವಾಮೃತದ ಮಾತಿಲ್ಲ, ಬೇವಿನ ಹಿಂಡಿ ಮಾತಿಲ್ಲ. ರೊಕ್ಕದ ಮಾತು. ಅದೂ ನಮ್ಮ ಹೊಲದ ಮಗ್ಗಲದಾಗೇ ಖರ್ಚಾಗಿ ನಮ್ಮ ಹೊಲಕ್ಕ ಮಾತ್ರ ಬರದ ರೊಕ್ಕ.

ಬೆಂಗೇರಿ ಅಂದ ಕೂಡಲೆ ಹೊರಗಿನವರಿಗೆ ರಾಷ್ಟ್ರಧ್ವಜ ತಯಾರಿಸೋ ಖಾದಿ ಕೇಂದ್ರ ನೆನಪಾಗ್ತದ. ನಮಗ ಸಂತಿ. ಆ ಸಂತಿಗೆ ಕಾಯಿಪಲ್ಲೆ ತರೋ ಎಷ್ಟೋ ರೈತರ ಹೊಲ ಮಹಾನಗರ ಪಾಲಿಕೆ ಗಡಿಯೊಳಗೋ, ಅದರ ಅಂಚಿನಲ್ಲೋ ಅದಾವ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಕೂಡಿಸಿ ಪಾಲಿಕೆ ಮಾಡಿದರು. ಸುತ್ತಲಿನ ಹಳ್ಳಿಗಳೂ ಅದರೊಳಗೆ ಸೇರಿದವು. ಊರು ನಗರ ಆಯ್ತು, ಹೊಲ ಹೊಲವಾಗೇ ಉಳೀತು.

ಇದರ ಪರಿಣಾಮ ಏನು ಗೊತ್ತೇನ್ರಿ? 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದದ್ದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಪಂಚಾಯ್ತಿ ವ್ಯಾಪ್ತಿಯ ರೈತ ಅದರಲ್ಲಿ ಬದು ಹಾಕಿಸಿಕೊಂಡ, ಕೃಷಿ ಹೊಂಡ ತೋಡಿಸಿಕೊಂಡ. ಗಡಿಯ ಈಚೆ ಅದೇ ಎರಿ ಮಣ್ಣು, ಅದೇ ಇಳಿಜಾರು, ಆದರೆ ಪಂಚಾಯ್ತಿ ಇಲ್ಲ. ನಾನೂ ಬದುವಿನ ಸಲುವಾಗಿ ಕಚೇರಿ ಅಲೆದಾಡೀನಿ. ಒಂದು ಕಡೆ "ನೀವು ಸಿಟಿ ಲಿಮಿಟ್" ಅಂದ್ರು, ಇನ್ನೊಂದು ಕಡೆ "ನಮ್ಮದು ಪಾರ್ಕ್, ರಸ್ತೆ ಅಷ್ಟ" ಅಂದ್ರು. ಕೃಷಿ ಇಲಾಖೆಯ ಯೋಜನೆಗಳ ಮಾತು ಬೇರೆ. ರೈತ ಸಂಪರ್ಕ ಕೇಂದ್ರ ನಡೆಯೋದು ಹೋಬಳಿ ಲೆಕ್ಕದಲ್ಲಿ, ಎಫ್‌ಐಡಿ ಮತ್ತು ಪಹಣಿ ಹಿಡಿದು ಅಲ್ಲಿ ಕೇಳೋದನ್ನ ಬಿಡಬ್ಯಾಡ್ರಿ.

ಹಂಗಂತ ನಗರದ ಕಡೆ ರೊಕ್ಕ ಇಲ್ಲ ಅಂತಲ್ಲ. 2015ರ ಅಮೃತ್ ಯೋಜನೆಯಲ್ಲಿ ಉದ್ಯಾನ, ಹಸಿರು ಜಾಗಕ್ಕಂತಲೇ ಶೇ 2.5ರ ತನಕ ಮೀಸಲಿತ್ತು. 2021ರ ಅಮೃತ್ 2.0ರಲ್ಲಿ ಕೆರೆ ಪುನಶ್ಚೇತನವೂ ಸೇರಿತು. ಹದಿನೈದನೇ ಹಣಕಾಸು ಆಯೋಗ 2021-22ರಿಂದ 2025-26ರ ತನಕ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 30 ಕುಡಿಯುವ ನೀರು, ಮಳೆನೀರು ಕೊಯ್ಲು, ಮರುಬಳಕೆಗೆ ಕಟ್ಟಿಟ್ಟದ್ದು. 2011ರ ಜನಗಣತಿಯಲ್ಲಿ ಅವಳಿನಗರದ ಜನಸಂಖ್ಯೆ 9.43 ಲಕ್ಷ. ಸ್ಮಾರ್ಟ್ ಸಿಟಿ ರೊಕ್ಕ ತೋಳನಕೆರೆಗೆ ಬಂತು. ಉಣಕಲ್ ನಾಲಾ ದಂಡಿಗುಂಟ ಸೈಕಲ್ ದಾರಿ ಮಾಡೋ ಯೋಜನೆಗೆ ಫ್ರಾನ್ಸ್‌ನ ಎಎಫ್‌ಡಿ ಸಂಸ್ಥೆಯ ನೆರವಿನ ಸಿಟೀಸ್ ಕಾರ್ಯಕ್ರಮದಲ್ಲಿ ದೇಶದ 12 ನಗರಗಳಲ್ಲಿ ಒಂದಾಗಿ ನಮ್ಮದೂ ಆಯ್ಕೆ ಆಯ್ತು.

ಇದ್ಯಾವುದನ್ನೂ ನಾನು ಬ್ಯಾಡ ಅನ್ನಂಗಿಲ್ಲ. ಸಂಜೀಕ ತೋಳನಕೆರೆ ಕಡೆ ಹೋಗಿ ನೋಡ್ರಿ, ಮುದುಕರು, ಹುಡುಗರು, ಸಣ್ಣ ಕೂಸುಗಳು. ಜನಕ್ಕ ಅಡ್ಡಾಡಾಕ ಜಾಗ ಬೇಕು. ನನ್ನ ತಕರಾರು ಒಂದೇ: ಕೆರೆ ಅಂದ್ರ ದಂಡಿ ಅಷ್ಟೇ ಅಂತ ತಿಳಕೊಂಡು ಅನುದಾನ ಬರೀತಾರ.

ಕೆರೆಗೆ ಹೂಳು ಎಲ್ಲಿಂದ ಬರ್ತದ? ಮೇಲಿನ ಹೊಲದಿಂದ. ಎರಿ ಭೂಮಿ ಮೊದಲ ಮಳೆ ಕುಡೀತದ, ಆಮೇಲೆ ಉಬ್ಬಿ ಬಿರುಕು ಮುಚ್ಚಿಕೊಳ್ತದ. ಅಲ್ಲಿಂದ ಬಿದ್ದ ನೀರು ಮಣ್ಣಿನ ಸಣ್ಣ ಕಣ ಎಳಕೊಂಡು ಹಳ್ಳಕ್ಕೆ ಇಳೀತದ. ನಾವು ಕೊಟ್ಟ ಗೊಬ್ಬರದ ರಂಜಕ ಇರೋದೇ ಆ ಕಣಕ್ಕ ಅಂಟಿಕೊಂಡು. ಒಂದು ಎಕರೆಯಲ್ಲಿ ಒಂದೇ ಮಿಲಿಮೀಟರ್ ಮಣ್ಣು ಹೋದರೆ 4 ಘನ ಮೀಟರ್, ತೂಕದಲ್ಲಿ ಸುಮಾರು 5 ಟನ್. ಕಣ್ಣಿಗೆ ಕಾಣೂದೇ ಇಲ್ಲ! ಕೆರೆಯಲ್ಲಿ ಅಂತರಗಂಗೆ ಬೆಳೆಯೋಕೆ ಚರಂಡಿ ನೀರು ದೊಡ್ಡ ಕಾರಣ, ಒಪ್ತೀನಿ. ಆದರೆ ಹೊಲದಿಂದ ಹೋದದ್ದೂ ಅದಕ್ಕೇ ಊಟ. ಯಂತ್ರ ತಂದು ಅದನ್ನ ತೆಗೆಸೋಕೆ ಟೆಂಡರ್ ಕರೀತಾರ, ಅದು ಬರದಂಗ ಮಾಡೋ ಬದುವಿಗೆ ಬಿಡಿಕಾಸಿಲ್ಲ.

ನಾಲಾದ ಕೆಳಗಿನ ಕಥಿ ಇನ್ನೂ ಕಠಿಣ. ಬಿಡನಾಳ ಕಡೆ ರೈತರು ನಗರದ ಕೊಳಚೆ ನೀರಿನಲ್ಲೇ ಕಾಯಿಪಲ್ಲೆ ಬೆಳೀತಾ ಬಂದದ್ದು ಹೊಸದಲ್ಲ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಎರಡು ದಶಕದ ಹಿಂದೆಯೇ ಅಧ್ಯಯನ ಮಾಡ್ಯಾರ. ಮೇಲೆ ಸೈಕಲ್ ದಾರಿ, ಕೆಳಗೆ ಅದೇ ನಾಲಾದ ನೀರು ಪಂಪ್‌ಸೆಟ್‌ಗೆ. ಒಂದೇ ನಾಲಾ, ಎರಡು ಲೋಕ.

ಬೇರೆ ದಾರಿ ಇಲ್ಲೇನು? ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 1992ರಲ್ಲಿ ಮತದಾರರು ಲಾಟರಿ ಆದಾಯದ ಒಂದು ಪಾಲನ್ನ ಉದ್ಯಾನ, ಕಾಲುದಾರಿ, ವನ್ಯಜೀವಿ, ಬಯಲು ಜಾಗಕ್ಕೆ ಅಂತ ಸಂವಿಧಾನದಲ್ಲೇ ಬರೆಸಿಕೊಂಡರು. ಸ್ಥಳೀಯ ಸಂಸ್ಥೆಗೂ ಅದರಿಂದ ಅನುದಾನ, ಒಕ್ಕಲುತನದ ಭೂಮಿ ಉಳಿಸೋಕೂ ಅನುದಾನ. ಭೂಮಿ ರೈತನದೇ, ಉಳುಮೆ ಅವನದೇ. ಮನೆ ಕಟ್ಟೋ ಹಕ್ಕು ಮಾತ್ರ ಬಿಟ್ಟುಕೊಡ್ತಾನ, ಅದಕ್ಕೆ ಬೆಲೆ ತಗೋತಾನ. ನಮ್ಮಲ್ಲಿ ಹೊಲಕ್ಕೆ ಬೆಲೆ ಕಟ್ಟೋಕೆ ಬರೋದು ಲೇಔಟ್‌ನವರು ಮಾತ್ರ. ಲಾಟರಿ ನಮಗೆ ಬ್ಯಾಡ್ರಿ, ಆದರೆ ಹಂಚಿಕೆಯ ಲೆಕ್ಕ ಕಲಿಯೋ ಹಂಗ ಅದ.

ನಾನು ಕೇಳೋದು ಇಷ್ಟು. ಕೆರೆ, ಉದ್ಯಾನದ ಪ್ರತಿ ಯೋಜನೆಯಲ್ಲಿ ಒಂದು ಪಾಲು ಅದರ ಜಲಾನಯನದ ರೈತರಿಗೆ ಹೋಗಲಿ: ಬದು, ಹಳ್ಳದ ಅಂಚಿಗೆ ಹುಲ್ಲಿನ ಪಟ್ಟಿ, ಹೊಂಗೆ, ಬೇವು. ಬದಲಿಗೆ ಹಳ್ಳದ ಮಗ್ಗಲದ ಸರ್ಕಾರಿ ಖರಾಬಿನಲ್ಲಿ ನಗರದವರಿಗೆ ಕಾಲುದಾರಿ ಆಗಲಿ. ಒತ್ತುವರಿ ಮಾಡಿದ ನಮ್ಮವರು ಬಿಟ್ಟುಕೊಡಬೇಕಾಗ್ತದ, ಅದೂ ಮಾತಿನೊಳಗೆ ಬರಲಿ. "ವಾಕಿಂಗ್ ಬಂದವರು ಸುಲಗಾಯಿ ಕಿತ್ತುಕೊಂಡು ಹೋಗ್ತಾರ" ಅಂತ ಹಿರಿಯರು ಅಂತಾರ. ಸುಳ್ಳಲ್ಲ. ಅದಕ್ಕೇ ನಡುವೆ ಜೀವಂತ ಬೇಲಿ ಇರಬೇಕು, ಅದರ ಖರ್ಚೂ ಯೋಜನೆಯಲ್ಲೇ ಬರಬೇಕು.

ಮೊಬೈಲ್ ಕೈಯಲ್ಲಿದೆಯಲ್ಲ, ದಿಶಾಂಕ್ ಆ್ಯಪ್ ಹಾಕ್ಕೊಂಡು ಹೊಲದಾಗ ನಿಂತು ತೆಗೀರಿ. ನಿಮ್ಮ ಸರ್ವೆ ನಂಬರ್, ಖರಾಬು, ಹಳ್ಳ ಎಲ್ಲಿ ಅಂತ ಕಾಣ್ತದ. ದೊಡ್ಡ ಮಳೆ ಆದ ದಿನ ನೀರು ಯಾವ ಕಡೆ ಹರೀತದ, ಯಾವ ಬಣ್ಣ ಅದ, ಫೋಟೊ ತಗೀರಿ. ಅಕ್ಕಪಕ್ಕದ ನಾಲ್ಕು ಪಹಣಿ ಕೂಡಿಸಿ, ಪಾಲಿಕೆ ಬಜೆಟ್ ಕಟ್ಟೋ ಮೊದಲು ನಿಮ್ಮ ವಾರ್ಡ್ ಸದಸ್ಯರಿಗೊಂದು, ಆಯುಕ್ತರಿಗೊಂದು ಅರ್ಜಿ ಕೊಡ್ರಿ. ವಾರ್ಡ್ 82 ಅದಾವ. ಹೊಲ ಇರೋ ವಾರ್ಡ್‌ಗಳಿಂದ ಹತ್ತು ಅರ್ಜಿ ಹೋದರೂ "ಇಂಥ ಬೇಡಿಕೆ ಬಂದೇ ಇಲ್ಲ" ಅನ್ನೋಕೆ ಬರಂಗಿಲ್ಲ. ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳದೆ ಕೌಂಟರ್ ಬಿಟ್ಟು ಏಳಬ್ಯಾಡ್ರಿ, ಮುಂದೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕಾದಾಗ ಅದೇ ಬೇಕಾಗ್ತದ.